ಜಗುಲಿಯ ವ್ಯಾಪಾರ: ಮಕ್ಕಳ ಕಲಿಕೆಯೂ ಕಾನೂನಿನ ಮಿತಿಯೂ

ಕುಣಿಗಲ್ ತಾಲ್ಲೂಕಿನ ಅಮೃತೂರು ಹೋಬಳಿಯ ಹಳ್ಳಿಗಳಲ್ಲಿ ಬೇಸಿಗೆ ರಜೆ ಬಂದಿತೆಂದರೆ ಒಂದು ಹಿತವಾದ ದೃಶ್ಯ ಕಣ್ಣಿಗೆ ಬೀಳುವುದುಂಟು. ಹಿತ್ತಲಿನ ನುಗ್ಗೆಕಾಯಿ, ಕರಿಬೇವು, ಬಾಳೆಹಣ್ಣು, ತೆಂಗಿನಕಾಯಿಗಳನ್ನು ಜಗುಲಿಯ ಮೇಲೆ ಹರಡಿಕೊಂಡು ಮಕ್ಕಳು ಕುಳಿತಿರುತ್ತಾರೆ. ಎಣಿಸಿ ಕೊಡುವುದು, ಚಿಲ್ಲರೆ ಹಿಂದಿರುಗಿಸುವುದು, ಬಂದವರೊಡನೆ ವಿನಯದಿಂದ ಮಾತನಾಡುವುದು ಇವೆಲ್ಲವೂ ಒಳ್ಳೆಯ ಪಾಠಗಳೇ. 'ಮಗು ಈಗಿನಿಂದಲೇ ಕಾಯಕ ಕಲಿಯುತ್ತಿದೆ' ಎಂದು ಹಿರಿಯರು ಹೆಮ್ಮೆಪಡುವುದು ಸಹಜ. ಆದರೆ ಕಲಿಕೆ ಎಲ್ಲಿ ಮುಗಿಯಿತು, ದುಡಿಮೆ ಎಲ್ಲಿ ಆರಂಭವಾಯಿತು ಎಂಬುದನ್ನು ನಾವು ಅರಿತಿರಬೇಕಾದುದು ಅಗತ್ಯ. ಕಾನೂನು ಇಲ್ಲಿ ಸ್ಪಷ್ಟವಾದ ಗೆರೆಯೊಂದನ್ನು ಎಳೆದಿದೆ.

1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಅದರಂತೆ 14 ವರ್ಷ ತುಂಬದ ಮಗುವನ್ನು ಯಾವುದೇ ಉದ್ಯೋಗದಲ್ಲಿ ತೊಡಗಿಸುವಂತಿಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ, ತನ್ನ ಕುಟುಂಬಕ್ಕೆ ನೆರವಾಗುವುದಕ್ಕೆ ವಿನಾಯಿತಿಯುಂಟು. 2017ರ ನಿಯಮಗಳು ಈ ವಿನಾಯಿತಿಯನ್ನು ಇನ್ನಷ್ಟು ಬಿಗಿಗೊಳಿಸಿವೆ. ಶಾಲೆಯ ಹೊತ್ತಿನಲ್ಲಾಗಲಿ, ಸಂಜೆ 7ರಿಂದ ಬೆಳಗಿನ 8ರವರೆಗಾಗಲಿ ಮಗುವಿಗೆ ಕೆಲಸ ಹೇಳಬಾರದು. ದಿನಕ್ಕೆ 3 ಗಂಟೆ ಮೀರಬಾರದು, ನಡುವೆ ವಿಶ್ರಾಂತಿಯಿರಬೇಕು. ದೊಡ್ಡವರು ಮಾಡಬೇಕಾದ ಕೆಲಸಕ್ಕೆ ಮಗುವನ್ನು ಬದಲಿಯಾಗಿ ನಿಲ್ಲಿಸಬಾರದು. ಉತ್ಪಾದನೆ, ಸರಬರಾಜು, ಚಿಲ್ಲರೆ ಮಾರಾಟಗಳಲ್ಲಿ ಮಗುವಿನ ದುಡಿಮೆಯಿಂದ ಮಗುವಿಗಾಗಲಿ ಕುಟುಂಬಕ್ಕಾಗಲಿ ಆದಾಯ ಬರುವಂತಿರಬಾರದು.

ಈ ಕೊನೆಯ ಮಾತನ್ನು ತಾಯಿತಂದೆಯರು ವಿಶೇಷವಾಗಿ ಗಮನಿಸಬೇಕು. ರಜೆಯ ಒಂದು ಸಂಜೆ ತಾಯಿಯ ಪಕ್ಕದಲ್ಲಿ ಕುಳಿತು ಕರಿಬೇವಿನ ಕಟ್ಟು ಎತ್ತಿಕೊಡುವುದು ಬೇರೆ. ಮಗುವೊಂದನ್ನೇ ದಿನವಿಡೀ ಕೂರಿಸಿ ಅದರ ಗಳಿಕೆಯಿಂದ ಸಂಸಾರ ತೂಗಿಸುವುದು ಬೇರೆ. ಮೊದಲನೆಯದು ಮನೆಯ ಸಂಸ್ಕಾರ, ಎರಡನೆಯದು ಕಾನೂನಿಗೆ ವಿರುದ್ಧ.

ಕಾಯಿದೆಯ ಪ್ರಕಾರ ಮಗುವಿನ 'ಕುಟುಂಬ' ಎಂದರೆ ತಾಯಿ, ತಂದೆ, ಒಡಹುಟ್ಟಿದವರು ಹಾಗೂ ತಾಯಿತಂದೆಯರ ಒಡಹುಟ್ಟಿದವರು. ಅಜ್ಜ, ಅಜ್ಜಿಯರು ಆ ಪಟ್ಟಿಯಲ್ಲಿಲ್ಲ! ನಮ್ಮ ಅವಿಭಕ್ತ ಕುಟುಂಬಗಳಲ್ಲಿ ತೋಟ ಅಜ್ಜನದಾಗಿರುವುದು ಸಾಮಾನ್ಯವಾದುದರಿಂದ, ವ್ಯಾಪಾರದ ಹೊಣೆಯನ್ನು ತಾಯಿ ಅಥವಾ ತಂದೆ ವಹಿಸಿಕೊಳ್ಳುವುದು ಲೇಸು. ನೆರೆಯವರ ಅಥವಾ ವ್ಯಾಪಾರಿಯ ಮಾಲನ್ನು ಮಗು ಮಾರಿದರೆ ವಿನಾಯಿತಿ ಸಿಗದು. ಹಾಗೆ ದುಡಿಸಿಕೊಂಡವರಿಗೆ 6 ತಿಂಗಳಿನಿಂದ 2 ವರ್ಷದವರೆಗೆ ಸೆರೆವಾಸ, ಅಥವಾ 20,000ದಿಂದ 50,000 ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ತಾಯಿತಂದೆಯರಿಗೆ ಮೊದಲ ಸಲ ಶಿಕ್ಷೆಯಿಲ್ಲ. ತಪ್ಪು ಮರುಕಳಿಸಿದರೆ 10,000 ರೂಪಾಯಿಗಳವರೆಗೆ ದಂಡವುಂಟು.

ಇನ್ನು ಕೊಡುಕೊಳ್ಳುವ ಮಾತು. 1872ರ ಕರಾರು ಕಾಯಿದೆಯ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅಂಥ ಕರಾರು ಅನೂರ್ಜಿತವೆಂದು 1903ರಲ್ಲಿಯೇ ಪ್ರೀವಿ ಕೌನ್ಸಿಲ್ ತೀರ್ಪಿತ್ತಿದೆ. ಆದುದರಿಂದ ಗಿಡದ ಮೇಲಿನ ಫಸಲಿಗೆ ಮುಂಗಡ ಪಡೆಯುವುದು, ಸಾಲ ಬರೆದಿಡುವುದು ಮುಂತಾದವನ್ನು ಹಿರಿಯರೇ ತಮ್ಮ ಹೆಸರಿನಲ್ಲಿ ಮಾಡಬೇಕು. ಮೊಬೈಲಿನಲ್ಲಿ ಬರುವ ಹಣವೂ ಹಿರಿಯರ ಖಾತೆಗೇ ಸೇರಲಿ.

ತಕ್ಕಡಿ ಬಳಸುವುದಾದರೆ ಅದು, ಅದರ ತೂಕದ ಕಲ್ಲು ಎರಡೂ ಸರ್ಕಾರದ ಮುದ್ರೆ ಪಡೆದಿರಬೇಕೆಂದು 2009ರ ಕಾನೂನು ಮಾಪನ ಕಾಯಿದೆ ವಿಧಿಸುತ್ತದೆ. ಕಾಯಿಯನ್ನು ಎಣಿಕೆಯಿಂದ, ಸೊಪ್ಪನ್ನು ಕಟ್ಟಿನಿಂದ ಮಾರಿದರೆ ಈ ತೊಡಕಿಲ್ಲ. ತಾನು ಬೆಳೆದುದನ್ನು ಮಾರುವ ರೈತನಿಗೆ ಆ ಮಾರಾಟದ ಮಟ್ಟಿಗೆ ಜಿ.ಎಸ್.ಟಿ. ನೋಂದಣಿಯೂ ಬೇಕಿಲ್ಲ. ಆದರೆ ಉಪ್ಪಿನಕಾಯಿ, ಚಿಪ್ಸ್, ಹಪ್ಪಳಗಳನ್ನು ತಯಾರಿಸಿ ಮಾರುವವರು 2006ರ ಆಹಾರ ಸುರಕ್ಷತಾ ಕಾಯಿದೆಯಡಿ ನೋಂದಾಯಿಸಿಕೊಳ್ಳಬೇಕು.

ಎಳನೀರು ಕೆತ್ತಲು ಮಚ್ಚನ್ನು ಮಗುವಿನ ಕೈಗೆ ಕೊಡಬೇಡಿ. ವಾಹನಗಳು ಧಾವಿಸುವ ಹೆದ್ದಾರಿಯಂಚಿಗೆ ಬುಟ್ಟಿ ಹೊರಿಸಿ ಕಳುಹಿಸಬೇಡಿ. ಇದಕ್ಕೆ ಕಾನೂನೇ ಬೇಕೆಂದಿಲ್ಲ, ಹೆತ್ತ ಕರುಳು ಸಾಕು. ಯಾವುದೇ ಮಗು ಶಾಲೆ ಬಿಟ್ಟು ದುಡಿಯುತ್ತಿರುವುದು ಕಂಡರೆ 1098ಕ್ಕೆ ಕರೆ ಮಾಡಿ ತಿಳಿಸುವುದು ನಮ್ಮೆಲ್ಲರ ಕರ್ತವ್ಯ.

ಕಾಯಕವೆಂದರೆ ತನ್ನ ಶಕ್ತಿಗೆ ತಕ್ಕ, ಮನಸ್ಸೊಪ್ಪಿ ಮಾಡುವ ದುಡಿಮೆ. ಮಗುವಿಗೆ ಸದ್ಯಕ್ಕೆ ಓದೇ ಕಾಯಕ. ಜಗುಲಿಯ ವ್ಯಾಪಾರ ಹಿರಿಯರದಾಗಿರಲಿ, ಕೈನೆರವಷ್ಟೇ ಮಗುವಿನದಾಗಿರಲಿ. ಶಾಲೆ ಆರಂಭವಾದ ದಿನ ಬುಟ್ಟಿ ಒಳಗೆ ಹೋಗಿ, ಪುಸ್ತಕದ ಚೀಲ ಹೊರಗೆ ಬರಲಿ.