ಅಂಗೈಯಲ್ಲಿ ಡೆಟ್ರಾಯಿಟ್

1959ರ ಕ್ಯಾಡಿಲಾಕ್ ಕಾರಿನ ಉದ್ದ 225 ಇಂಚು. ಅಂದರೆ ಐದೂಮುಕ್ಕಾಲು ಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಹಿಂಬದಿಯಲ್ಲಿ ಆಕಾಶಕ್ಕೆ ಚಾಚಿದ ಎರಡು ರೆಕ್ಕೆಗಳು, ಒಂದೊಂದು ರೆಕ್ಕೆಯಲ್ಲೂ ರಾಕೆಟ್ಟಿನ ಜ್ವಾಲೆಯನ್ನು ಹೋಲುವ ಜೋಡಿ ಕೆಂಪು ದೀಪಗಳು, ಮುಂಭಾಗದಲ್ಲಿ ಆಭರಣದಂಗಡಿಯ ಕಪಾಟಿನಂತೆ ಝಗಝಗಿಸುವ ಕ್ರೋಮಿನ ಜಾಲರಿ. ಮಹಾಯುದ್ಧಾನಂತರದ ಅಮೆರಿಕದ ಆತ್ಮವಿಶ್ವಾಸವೆಲ್ಲ ಉಕ್ಕಿನ ರೂಪ ತಳೆದಂತಿದ್ದ ಈ ಭವ್ಯ ವಾಹನವನ್ನು 1:25ರ ಅನುಪಾತಕ್ಕೆ ಇಳಿಸಿದರೆ ಅದು 23 ಸೆಂಟಿಮೀಟರಿನ ಒಂದು ವಿಸ್ಮಯ. ನಿಜವಾದ ಕಾರೊಂದರ ಘನಗಾತ್ರದಲ್ಲಿ ಇಂತಹ 15,625 ಮಾದರಿಗಳು ಅಡಗುತ್ತವೆ. ಆದರೂ ಚುಕ್ಕಾಣಿಯ ಚಕ್ರದಿಂದ ಹಿಡಿದು ಎಂಜಿನ್ನಿನ ಫ್ಯಾನಿನವರೆಗೆ ಯಾವುದೂ ಅದರಲ್ಲಿ ಮಾಯವಾಗಿರುವುದಿಲ್ಲ.

ಮಾದರಿಗಳ ಪೆಟ್ಟಿಗೆಯನ್ನು ಮೊದಲ ಬಾರಿಗೆ ತೆರೆದವರಿಗೆ ಅಲ್ಲಿ ಕಾರು ಕಾಣುವುದಿಲ್ಲ. ಮುಚ್ಚಳದ ಮೇಲೆ ವರ್ಣರಂಜಿತವಾದ ಚಿತ್ರ. ಒಳಗೆ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಕಾಯಿಗಳಂತೆ ಜೋತುಬಿದ್ದ ನೂರಾರು ಬಿಡಿಭಾಗಗಳು, ನಾಲ್ಕು ಮೆತ್ತನೆಯ ಟೈರುಗಳು, ಗಾಜಿನಂತಹ ತುಣುಕುಗಳು, ಒಂದು ಸೂಚನಾಪತ್ರ. ಈ ಗೊಂದಲದಿಂದ ಕಾರೊಂದನ್ನು ಮೂಡಿಸುವುದು ಪೂರ್ತಿಯಾಗಿ ಕಟ್ಟುವವರ ಕೈಚಳಕಕ್ಕೆ ಬಿಟ್ಟದ್ದು. ಸಿದ್ಧವಾಗಿ ಸಿಗುವ ಆಟಿಕೆಗೂ ಇದಕ್ಕೂ ಇರುವ ಅಂತರವೇ ಇದು.

ಈ ಕಲೆ ಹುಟ್ಟಿದ್ದು ಮಾತ್ರ ಕಲೆಗಾಗಿ ಅಲ್ಲ, ಅಪ್ಪಟ ವ್ಯಾಪಾರಕ್ಕಾಗಿ. 1948ರಲ್ಲಿ ಮಿಷಿಗನ್ ರಾಜ್ಯದ ವಕೀಲ ವೆಸ್ಟ್ ಗ್ಯಾಲೊಗ್ಲಿ ಅವರು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದ ಫೋರ್ಡ್ ಕಾರಿನ ಪುಟ್ಟ ಪ್ರತಿರೂಪವನ್ನು ಹೊರತಂದರು. ಫೋರ್ಡ್ ಮಾರಾಟಗಾರರ ಮಳಿಗೆಗಳಲ್ಲಿ ಅದು ಪ್ರಚಾರದ ವಸ್ತುವಾಯಿತು. ‘ಅಲ್ಯೂಮಿನಂ ಮಾಡೆಲ್ ಟಾಯ್ಸ್’ ಎಂಬ ಆ ಸಂಸ್ಥೆ ಬೇಗನೆ ಪ್ಲಾಸ್ಟಿಕ್ಕಿಗೆ ಹೊರಳಿತು. ಹೆಸರಿನಲ್ಲಿ ಅಲ್ಯೂಮಿನಿಯಂ ಉಳಿದದ್ದು ಎಎಂಟಿ ಎಂಬ ಮೂರಕ್ಷರಗಳ ಮೊದಲನೆಯದರಲ್ಲಿ ಮಾತ್ರ. ಹೊಸ ವರ್ಷದ ಕಾರು ಬಿಡುಗಡೆಯಾಗುವ ದಿನವೇ ಅದರ ಮಾದರಿಯೂ ಮಳಿಗೆಯ ಮೇಜಿನ ಮೇಲಿರಬೇಕಾಗಿತ್ತು. ಹಾಗಾಗಿ ಇನ್ನೂ ಲೋಕದ ಕಣ್ಣಿಗೆ ಬೀಳದ ಕಾರುಗಳ ನಕ್ಷೆಗಳನ್ನು ಅಮೆರಿಕದ ಕಾರು ಉದ್ಯಮದ ತವರಾದ ಡೆಟ್ರಾಯಿಟ್ಟಿನ ಕಾರ್ಖಾನೆಗಳು ಈ ಮಾದರಿ ತಯಾರಕರಿಗೆ ಮುಂಚಿತವಾಗಿಯೇ ಒಪ್ಪಿಸುತ್ತಿದ್ದವು. ಅಸಲಿ ಕಾರಿನ ಬಣ್ಣದ್ದೇ ಪುಟ್ಟ ಕಾರು. ಅಪ್ಪನಿಗೆ ದೊಡ್ಡದು, ಮಗನಿಗೆ ಚಿಕ್ಕದು. ಯಾವುದನ್ನು ನೋಡಿ ಯಾವುದನ್ನು ಕೊಂಡರೋ!

1958ರಲ್ಲಿ ಎಎಂಟಿ, ಕೊಂಡವರೇ ಬಿಡಿಭಾಗ ಜೋಡಿಸಿ ಕಟ್ಟುವ ‘ತ್ರೀ ಇನ್ ಒನ್’ ಪೆಟ್ಟಿಗೆಗಳನ್ನು ಹೊರತಂದಿತು. ಒಂದೇ ಪೆಟ್ಟಿಗೆಯಲ್ಲಿ ಮೂರು ಸಾಧ್ಯತೆಗಳು: ಕಾರ್ಖಾನೆಯಿಂದ ಬಂದ ಹಾಗೆ, ಮನಸ್ಸಿಗೆ ಬಂದಂತೆ ಮಾರ್ಪಡಿಸಿ, ಇಲ್ಲವೆ ಪಂದ್ಯದ ಕಾರಾಗಿ. ಬಾಲಕನೊಬ್ಬ ತನ್ನ ಅಡುಗೆಮನೆಯ ಮೇಜಿನ ಮೇಲೆ ಕೂತು ವಿನ್ಯಾಸಕನಾಗಬಹುದಾದ ಕಾಲ ಅಲ್ಲಿಂದ ಶುರುವಾಯಿತು. ಡೆಟ್ರಾಯಿಟ್ಟಿನ ಜೋಹಾನ್, ಷಿಕಾಗೋದ ಮಾನೊಗ್ರಾಂ, ಕ್ಯಾಲಿಫೋರ್ನಿಯಾದ ರೆವೆಲ್, ಎಎಂಟಿಯಿಂದ ಹೊರಬಂದ ಜಾರ್ಜ್ ಟೋಟೆಫ್ ಅವರ ಎಂಪಿಸಿ ಇವೆಲ್ಲ ಸೇರಿ 1960ರ ದಶಕವನ್ನು ಈ ಹವ್ಯಾಸದ ಸುವರ್ಣಯುಗವನ್ನಾಗಿಸಿದವು. ಅಳತೆಯಲ್ಲಿ ಮಾತ್ರ ಒಮ್ಮತವಿರಲಿಲ್ಲ. ಮಾನೊಗ್ರಾಂ 1:24ಕ್ಕೆ, ಅಂದರೆ ಅಡಿಗೆ ಅರ್ಧ ಇಂಚಿನ ಸರಳ ಲೆಕ್ಕಕ್ಕೆ ಅಂಟಿಕೊಂಡಿತು. ಎಎಂಟಿ 1:25ನ್ನು ಬಿಡಲಿಲ್ಲ. ಒಂದರ ಪಕ್ಕ ಇನ್ನೊಂದನ್ನು ಇಟ್ಟಾಗ ಕಾಣುವ ಆ ಕೆಲವು ಮಿಲಿಮೀಟರುಗಳ ವ್ಯತ್ಯಾಸಕ್ಕೆ ಸಂಗ್ರಾಹಕರು ಇಂದಿಗೂ ಹುಬ್ಬು ಗಂಟಿಕ್ಕುತ್ತಾರೆ.

ಸಂಗ್ರಹದ ನಿಜವಾದ ರೋಚಕತೆ ಇರುವುದು ಅಚ್ಚುಗಳ ಚರಿತ್ರೆಯಲ್ಲಿ. ಉಕ್ಕಿನ ಅಚ್ಚು ಕೊರೆಯುವುದು ಭಾರೀ ವೆಚ್ಚದ ಕೆಲಸ. ಡೆಟ್ರಾಯಿಟ್ ಪ್ರತಿವರ್ಷ ಕಾರಿನ ಮುಖ ಬದಲಿಸುತ್ತಿತ್ತು. ಮಾದರಿ ತಯಾರಕರು ಹೊಸ ಅಚ್ಚು ಮಾಡುವ ಬದಲು ಹಳೆಯದನ್ನೇ ತಿದ್ದಿ ಹೊಸ ವರ್ಷಕ್ಕೆ ಹೊಂದಿಸುತ್ತಿದ್ದರು. ಈ ವರ್ಷದ ಜಾಲರಿ ಮೂಡಬೇಕಾದರೆ ಕಳೆದ ವರ್ಷದ ಜಾಲರಿ ಅಳಿಯಲೇಬೇಕು. ಹೀಗೆ ಎಷ್ಟೋ ವಾರ್ಷಿಕ ಮಾದರಿಗಳು ಒಮ್ಮೆ ಅಚ್ಚಾಗಿ ಶಾಶ್ವತವಾಗಿ ಕಣ್ಮರೆಯಾದವು. ಅಂದು ಒಂದೆರಡು ಡಾಲರಿಗೆ ಸಿಗುತ್ತಿದ್ದ ಪೆಟ್ಟಿಗೆ, ತೆರೆಯದೆ ಉಳಿದಿದ್ದರೆ ಇಂದು ಅಮೂಲ್ಯ ನಿಧಿಯೆನಿಸಿಕೊಳ್ಳುವುದು ಈ ಕಾರಣಕ್ಕೆ.

ಕೆಲವೊಮ್ಮೆ ಅಸಲಿಗಿಂತ ಪ್ರತಿಕೃತಿಯೇ ಹೆಚ್ಚು ಕಾಲ ಬಾಳಿತು. ಜೆಟ್ ವಿಮಾನದ ತತ್ತ್ವದ ಟರ್ಬೈನ್ ಎಂಜಿನ್ನಿನಿಂದ ಓಡುವ ಕಾರನ್ನು ಕ್ರೈಸ್ಲರ್ 1963ರಲ್ಲಿ ಸಾರ್ವಜನಿಕರ ಕೈಗೆ ಪ್ರಯೋಗಾರ್ಥವಾಗಿ ಕೊಟ್ಟಿತು. ಇಟಲಿಯ ಟ್ಯೂರಿನ್ ನಗರದ ಘಿಯಾ ಸಂಸ್ಥೆ ದೇಹ ಕಟ್ಟಿದ, ತಾಮ್ರವರ್ಣದ ಆ ಸುಂದರ ಕಾರುಗಳು ಒಟ್ಟು 55. ಪ್ರಯೋಗ ಮುಗಿದ ಮೇಲೆ 46 ಕಾರುಗಳನ್ನು ಕಂಪನಿಯೇ ನಾಶಪಡಿಸಿತು. ಉಳಿದವು ಒಂಬತ್ತೇ ಒಂಬತ್ತು. ಆದರೆ ಜೋಹಾನ್ ಸಂಸ್ಥೆ ರೂಪಿಸಿದ ಅದರ ಮಾದರಿ, ಟರ್ಬೈನ್ ಸಮೇತ, ಲೆಕ್ಕವಿಲ್ಲದಷ್ಟು ಮನೆಗಳ ಕಪಾಟುಗಳಲ್ಲಿ ಬದುಕುಳಿಯಿತು. ಲಿಂಕನ್ ಫ್ಯುಚುರಾದ ಕಥೆ ಇನ್ನೂ ವಿಚಿತ್ರ. 1955ರ ಈ ಏಕೈಕ ಕನಸಿನ ಕಾರನ್ನು ಮುಂದೆ ಕಾರು ಮಾರ್ಪಾಡಿನ ಕುಶಲಿ ಜಾರ್ಜ್ ಬ್ಯಾರಿಸ್ ‘ಬ್ಯಾಟ್‌ಮ್ಯಾನ್’ ದೂರದರ್ಶನ ಸರಣಿಗಾಗಿ ಕಪ್ಪು ಬ್ಯಾಟ್‌ಮೊಬೀಲ್ ಆಗಿ ಮಾರ್ಪಡಿಸಿದರು. ಅಸಲಿ ಫ್ಯುಚುರಾ ಅಲ್ಲಿಗೆ ಮುಗಿಯಿತು. ಅದಕ್ಕೆ ಮೊದಲೇ, 1956ರಲ್ಲಿ, ರೆವೆಲ್ ಅದನ್ನು ಪೆಟ್ಟಿಗೆಗೆ ಇಳಿಸಿತ್ತು!

ಈ ಹವ್ಯಾಸವನ್ನು ಮಕ್ಕಳಾಟವೆಂದು ಕಡೆಗಣಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಜನರಲ್ ಮೋಟರ್ಸ್‌ನ ಫಿಶರ್ ಬಾಡಿ ವಿಭಾಗ 1930ರಿಂದ 1968ರವರೆಗೆ ಹದಿಹರೆಯದ ಹುಡುಗರಿಗಾಗಿ ‘ಕ್ರಾಫ್ಟ್ಸ್‌ಮನ್ಸ್ ಗಿಲ್ಡ್’ ಎಂಬ ಮಾದರಿ ನಿರ್ಮಾಣದ ಸ್ಪರ್ಧೆಯನ್ನು ನಡೆಸಿತು. ಅಲ್ಲಿ ಪೆಟ್ಟಿಗೆಯ ಹಂಗಿಲ್ಲ; ಕಾರು ವಿಭಾಗದಲ್ಲಿ ಮರ, ಪ್ಲಾಸ್ಟರಿನಿಂದ ಸ್ವಂತ ಕಲ್ಪನೆಯ ಕಾರನ್ನು ಕಡೆಯಬೇಕು. 1947ರಲ್ಲಿ ಅದರ ಬಹುಮಾನ ಗೆದ್ದ ಚಕ್ ಜೋರ್ಡನ್ ಎಂಬ ತರುಣ 1986ರಲ್ಲಿ ಜನರಲ್ ಮೋಟರ್ಸ್‌ನ ವಿನ್ಯಾಸ ವಿಭಾಗದ ಉಪಾಧ್ಯಕ್ಷರಾದರು.

ಕಟ್ಟುವಿಕೆಯ ಸೂಕ್ಷ್ಮತೆಗೆ ಬಂದರೆ, ಇಲ್ಲಿ ಶತ್ರು ಎಂದರೆ ದಪ್ಪ. ಮಾದರಿಯ ಮೈಮೇಲೆ ಬಣ್ಣ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಕೂತರೂ ಅದು ನಿಜವಾದ ಕಾರಿನ ಮೇಲೆ ಎರಡೂವರೆ ಮಿಲಿಮೀಟರ್ ಬಣ್ಣ ಬಳಿದಂತೆ. ಬಾಗಿಲಿನ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಆದ್ದರಿಂದ ಮಂಜಿನಂತೆ ಸಿಂಪಡಿಸಬೇಕು, ಒಣಗಲು ಬಿಡಬೇಕು, ನೀರಿನಲ್ಲಿ ನೆನೆಸಿದ ಅತಿನಯವಾದ ಮರಳುಕಾಗದದಿಂದ ತೀಡಬೇಕು, ಮತ್ತೆ ಸಿಂಪಡಿಸಬೇಕು. ಕೆಂಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಬಣ್ಣ ಹಚ್ಚಿದ ಅವಸರದವರು ಮರುದಿನ ಗುಲಾಬಿ ಕಾರನ್ನು ಕಂಡು ಬೆಚ್ಚುತ್ತಾರೆ. ಒಳಗಿನ ಕೆಂಪು ಮೇಲಕ್ಕೆ ಒಸರುತ್ತದೆ. ಕಾರ್ಖಾನೆಯ ಕ್ರೋಮ್ ಲೇಪ ಹಿಡಿಸದಿದ್ದರೆ ಅದನ್ನು ಬಟ್ಟೆ ಬಿಳುಪಾಗಿಸುವ ಮನೆಬಳಕೆಯ ಬ್ಲೀಚಿನಲ್ಲಿ ಅದ್ದಿ ತೆಗೆಯುವುದು ಹಳಬರ ಉಪಾಯ. ಕಿಟಕಿಯ ಅಂಚಿನ ಎಳೆಯಂತಹ ಬೆಳ್ಳಿಗೆರೆಗೆ ಬಣ್ಣ ಸಾಲದು. ಉಸಿರಿಗೇ ಹಾರುವಷ್ಟು ತೆಳ್ಳಗಿನ ಲೋಹದ ಹಾಳೆಯನ್ನು ಅಂಟಿಸಿ, ಹಲ್ಲುಕಡ್ಡಿಯಿಂದ ಒತ್ತಿ, ಹೊಸ ಬ್ಲೇಡಿನಿಂದ ಕತ್ತರಿಸಬೇಕು. ಅರ್ಧ ಗಂಟೆಯ ಈ ತಪಸ್ಸಿಗೆ ಸಿಗುವ ಪ್ರತಿಫಲ ಒಂದು ಮಿಲಿಮೀಟರಿನ ಹೊಳಪು. ಆದರೆ ಪ್ಲಾಸ್ಟಿಕ್ ಮುದ್ದೆ ಕಾರಾಗಿ ಕಾಣಿಸುವುದು ಆ ಹೊಳಪು ಬಂದ ಕ್ಷಣದಲ್ಲೇ ಎಂಬುದರಲ್ಲಿ ಸಂದೇಹವಿಲ್ಲ.

1970ರ ದಶಕದ ತೈಲ ಬಿಕ್ಕಟ್ಟು, ಆ ಬಳಿಕ ವಿಡಿಯೊ ಗೇಮುಗಳು ಬಾಲಕರನ್ನು ಈ ಮೇಜಿನಿಂದ ಎಬ್ಬಿಸಿದವು. ಎಎಂಟಿ 1978ರಲ್ಲಿ ಬ್ರಿಟನ್ನಿನ ಲೆಸ್ನಿಗೆ, ಅನಂತರ ಅಯೋವಾದ ಅರ್ಟ್ಲ್ ಸಂಸ್ಥೆಗೆ ಕೈಬದಲಾಯಿಸಿತು; ರೆವೆಲ್ ಮತ್ತು ಮಾನೊಗ್ರಾಂ 1986ರಲ್ಲಿ ಒಂದಾದವು. 2018ರಲ್ಲಿ ಮಾತೃಸಂಸ್ಥೆ ದಿವಾಳಿಯೆದ್ದಾಗ ರೆವೆಲ್ ಜರ್ಮನ್ ಒಡೆತನಕ್ಕೆ ಸೇರಿತು. ಆದರೂ ಇಂದಿನ ಚಿತ್ರ ಉತ್ಸಾಹದಾಯಕವೇ. ಎಎಂಟಿ, ಎಂಪಿಸಿ ಹೆಸರುಗಳನ್ನು ಕಾಪಿಟ್ಟಿರುವ ಇಂಡಿಯಾನಾದ ರೌಂಡ್ 2 ಸಂಸ್ಥೆ ಹಳೆಯ ಮಾದರಿಗಳನ್ನು ಮೂಲದ ಮುಚ್ಚಳಚಿತ್ರದೊಂದಿಗೇ ಮತ್ತೆ ಮಾರುಕಟ್ಟೆಗೆ ತರುತ್ತಿದೆ. ಅಚ್ಚು ಅಳಿದುಹೋದ ಮಾದರಿಗಳಿಗೆ ಹೊಸ ಅಚ್ಚನ್ನೇ ಕೊರೆಸುತ್ತಿದೆ. 1950ರ ದಶಕದ ಆರಂಭದಲ್ಲಿ ಪಂದ್ಯಗಳನ್ನು ಆಳಿ, 1954ರಲ್ಲಿ ಸ್ವತಂತ್ರ ಅಸ್ತಿತ್ವವನ್ನೇ ಕಳೆದುಕೊಂಡ ಹಡ್ಸನ್ ಕಂಪನಿಯ ಹಾರ್ನೆಟ್ ಕಾರನ್ನು ಮೊಬಿಯಸ್ ಮಾಡೆಲ್ಸ್ ಈ ಶತಮಾನದಲ್ಲಿ ಸೊಗಸಾಗಿ ಮರುಸೃಷ್ಟಿಸಿತು. ಕೊಳ್ಳುವವರಲ್ಲಿ ಬಹಳಷ್ಟು ಮಂದಿಗೆ ಈಗ ತಲೆ ನರೆತಿದೆ, ನಿಜ. ಅಂದು ಕೈಗೆಟುಕದ ಪೆಟ್ಟಿಗೆಯನ್ನು ಅವರು ಇಂದು ಕೊಳ್ಳುತ್ತಿದ್ದಾರೆ.

ಹಳೆಯ ಪೆಟ್ಟಿಗೆಯನ್ನು ತೆರೆಯಬೇಕೇ, ಮುಚ್ಚಿಯೇ ಇಡಬೇಕೇ ಎಂಬ ವಾದ ಸಂಗ್ರಾಹಕರಲ್ಲಿ ಮುಗಿಯುವುದಿಲ್ಲ. ತೆರೆದರೆ ಬೆಲೆ ಕುಸಿಯುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಆದರೆ ಮುಚ್ಚಿಟ್ಟ ಪೆಟ್ಟಿಗೆಯೊಳಗೂ ಕಾಲ ಸುಮ್ಮನಿರುವುದಿಲ್ಲ: ಮೆತ್ತನೆಯ ವಿನೈಲ್ ಟೈರುಗಳಿಂದ ಒಸರುವ ರಾಸಾಯನಿಕ ತನಗೆ ತಾಗಿದ ಪ್ಲಾಸ್ಟಿಕ್ಕನ್ನು ನಿಧಾನವಾಗಿ ಕರಗಿಸುತ್ತದೆ. ಬಿಗಿಯಾಗಿ ಮೊಹರು ಮಾಡಿದ ಎಷ್ಟೋ ಪೆಟ್ಟಿಗೆಗಳಲ್ಲಿ, ಟೈರು ತಾಗಿದ ಕಡೆ ಕಿಟಕಿಯ ಗಾಜಿನ ಮೇಲೋ ಕಾರಿನ ನೆತ್ತಿಯ ಮೇಲೋ, ದುಂಡನೆಯ ಸುಟ್ಟ ಗುರುತು ಆಗಲೇ ಬಿದ್ದಿರುತ್ತದೆ.