ಕಲ್ಲುಮಂಟಪದಲ್ಲಿ ಮದುಮಕ್ಕಳ ಫೋಟೊ

ಮದುವೆಗೆ ಮುಂಚೆ ವಧೂವರರು ಸಾಂಪ್ರದಾಯಿಕ ಉಡುಗೆಯಲ್ಲಿ ಹಳೆಯ ಗುಡಿ, ಕೊಳ, ಕೋಟೆಗಳ ನಡುವೆ ತೆಗೆಸಿಕೊಳ್ಳುವ ಫೋಟೊಗಳಿಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಜಾಗಕ್ಕೆ ಬರವಿಲ್ಲ. ಜಪಾನಿನಲ್ಲೂ ಇಂಥ ರೂಢಿಯುಂಟು. ಕ್ಯೋಟೊದಂಥ ಊರುಗಳ ಉದ್ಯಾನ, ದೇಗುಲಗಳಲ್ಲಿ ಜೋಡಿಗಳು ಕಿಮೋನೊ ಧರಿಸಿ ಮದುವೆಗೆ ಮೊದಲೇ ಕ್ಯಾಮೆರಾಕ್ಕೆ ನಿಲ್ಲುತ್ತಾರೆ.

ಉಡುಗೆಗೆ ತಕ್ಕಂತೆ ಫೋಟೊ ತೆಗೆಯುವ ಜಾಣ್ಮೆ ಹಳೇ ಮೈಸೂರು ಸೀಮೆಗೆ ಹೊಸದಲ್ಲ. ಮೊಗ್ಗಿನ ಜಡೆ ಹಾಕಿಸಿಕೊಂಡ ಹೆಣ್ಣುಮಕ್ಕಳನ್ನು ಸ್ಟುಡಿಯೊಕ್ಕೆ ಕರೆದೊಯ್ದು, ಬೆನ್ನ ಹಿಂದೆ ನಿಲುವುಗನ್ನಡಿ ಇರಿಸಿ ಫೋಟೊ ತೆಗೆಸುತ್ತಿದ್ದರು. ಮುಖ, ಜಡೆ ಎರಡೂ ಒಂದೇ ಪಟದಲ್ಲಿ ಬರಲಿ ಎಂಬ ಉಪಾಯವದು. ಇಂದಿನ ಡ್ರೋನ್ ಚಮತ್ಕಾರಗಳಿಗಿಂತ ಆ ಕನ್ನಡಿಯಲ್ಲೇ ಹೆಚ್ಚು ಬುದ್ಧಿವಂತಿಕೆಯಿತ್ತು.

ವಧುವಿಗೆ ಮೈಸೂರು ಸಿಲ್ಕ್ ಸೀರೆ, ವಂಕಿ, ಡಾಬು, ಬೈತಲೆಬೊಟ್ಟು. ವರನಿಗೆ ಕಚ್ಚೆಪಂಚೆ, ಶಲ್ಯ, ಮೈಸೂರು ಪೇಟ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ಆರಂಭವಾದದ್ದು. ಅಲ್ಲಿನ ಸೀರೆಯಲ್ಲಿ ಒಡಲು ಸಾದಾ, ಅಂಚಿನಲ್ಲಿ ಜರಿ; ಹಾಗಾಗಿ ಕೆತ್ತನೆ ತುಂಬಿದ ಗೋಡೆಯ ಮುಂದೆ ನಿಂತರೂ ಸೀರೆ, ಕೆತ್ತನೆ ಒಂದನ್ನೊಂದು ನುಂಗುವುದಿಲ್ಲ. ಮೊಗ್ಗಿನ ಜಡೆಯದೇ ಅವಸರ. ಮಲ್ಲಿಗೆ ಬಿರಿದರೆ ಸಾಲು ಕೆಡುತ್ತದೆ. ಬೆಳಗಿನ ಎಳೆಬಿಸಿಲು ಕಲ್ಲಿಗೂ ಒಳ್ಳೆಯದು, ಹೂವಿಗೂ ಒಳ್ಳೆಯದು.

ನಾಲ್ಕು ತಾಲ್ಲೂಕುಗಳಲ್ಲಿ ಮೊದಲ ಹೆಸರು ಪಾಂಡವಪುರಕ್ಕೆ ಸೇರಿದ ಮೇಲುಕೋಟೆಯದು. ಅಪೂರ್ಣವಾಗಿ ಉಳಿದ ರಾಯಗೋಪುರದ ಎತ್ತರದ ಕಂಬಗಳು, ಹತ್ತಿರದ ಅಕ್ಕ-ತಂಗಿ ಕೊಳ, ಸುತ್ತಲೂ ಮಂಟಪಗಳಿರುವ ಕಲ್ಯಾಣಿ ಎಲ್ಲವೂ ಒಂದೇ ಊರಲ್ಲಿವೆ. ಸಿನಿಮಾದವರು ಇದನ್ನು ಎಂದೋ ಕಂಡುಕೊಂಡಿದ್ದರು. 1991ರ ತಮಿಳು ಚಿತ್ರ ‘ದಳಪತಿ’ಯ ಕೆಲ ಭಾಗಗಳ ಚಿತ್ರೀಕರಣ ಇಲ್ಲೇ ನಡೆಯಿತು. ಜನ ಕಿಕ್ಕಿರಿಯುವ ವೈರಮುಡಿ ಉತ್ಸವದ ದಿನಗಳಲ್ಲಿ ಮಾತ್ರ ಇತ್ತ ಸುಳಿಯದಿರುವುದೇ ಲೇಸು.

ಕೆ.ಆರ್. ಪೇಟೆ ಬಳಿಯ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ 13ನೇ ಶತಮಾನದ ಹೊಯ್ಸಳ ತ್ರಿಕೂಟ. ಅದರ ಹೊರಗೋಡೆಯ ತಳದ ರಾಮಾಯಣ, ಮಹಾಭಾರತದ ಪಟ್ಟಿಕೆಗಳ ಎದುರು ಕೆಂಪು ಸೀರೆ ಎದ್ದು ಕಾಣುತ್ತದೆ. ನಾಗಮಂಗಲದಲ್ಲಿ ಸೌಮ್ಯಕೇಶವ ಗುಡಿಯಿದೆ. ಶ್ರೀರಂಗಪಟ್ಟಣದಲ್ಲಿ ಕೋಟೆ, ಕಾವೇರಿಯ ಸ್ನಾನಘಟ್ಟಗಳು, 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆ. ಆದರೆ ಆ ಅರಮನೆಯೊಳಗಿನ ಭಿತ್ತಿಚಿತ್ರಗಳ ಬಳಿ ಕ್ಯಾಮೆರಾಕ್ಕೆ ಪ್ರವೇಶವಿಲ್ಲ.

ಸಂರಕ್ಷಿತ ಸ್ಮಾರಕಗಳಲ್ಲಿ ಇಂಥ ಶೂಟಿಂಗಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಪೂಜೆ ನಡೆಯುವ ಗುಡಿಗಳಲ್ಲಿ ಆಡಳಿತದವರ ಒಪ್ಪಿಗೆಯೂ ಬೇಕು. ನೀರಿನ ವಿಷಯದಲ್ಲಂತೂ ಹುಡುಗಾಟ ಸಲ್ಲದು. 2020ರ ನವೆಂಬರಿನಲ್ಲಿ ತಲಕಾಡು ಸಮೀಪ ಕಾವೇರಿಯಲ್ಲಿ ಫೋಟೊಗೆಂದು ತೆಪ್ಪ ಹತ್ತಿದ್ದ ವಧೂವರರು, ತೆಪ್ಪ ಮಗುಚಿ ಮುಳುಗಿ ಸತ್ತರು. ಭಾರದ ರೇಷ್ಮೆ ಉಟ್ಟವರನ್ನು ಹೊಳೆಗೆ ಇಳಿಸಬೇಡಿ, ಮೆಟ್ಟಿಲ ಮೇಲೆಯೇ ನಿಲ್ಲಿಸಿ.