ಅಟ್ಟದಿಂದ ಆ್ಯಪಿಗೆ

ನಮ್ಮ ಅವ್ವನಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ, ಆದರೂ ಕಾದಂಬರಿ ಬಿಟ್ಟಿಲ್ಲ. ಮೊಬೈಲಿನಲ್ಲಿ ಆಡಿಯೊ ಪುಸ್ತಕ ಹಚ್ಚಿಕೊಟ್ಟರೆ ಬಳ್ಳೊಳ್ಳಿ ಸುಲಿಯುತ್ತ ಕೇಳುತ್ತಾಳೆ. "ಇದರಾಗ ಹೊಸಾದೇನೈತಿ? ನಮ್ಮ ರೇಡಿಯೊ ನಾಟಕಾನ ಅಲ್ಲೇನು?" ಅನ್ನುತ್ತಾಳೆ.

ಅವಳ ಮಾತು ಖರೆ. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಕಿವಿಯನ್ನು ಕಥೆಗೆ ಪಳಗಿಸಿದೆ. ಆ್ಯಪುಗಳಲ್ಲಿ ಮಾಡುವಂತೆ ಚಂದಾ ಕಟ್ಟಿ ಓದುವುದು ಇನ್ನೂ ಹಳೆಯ ರೂಢಿ. 1933ರಲ್ಲಿ ಶುರುವಾದ ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯನ್ನು ಜಿ.ಬಿ. ಜೋಶಿಯವರು ಚಂದಾದಾರರ ಬಲದಿಂದಲೇ ಬೆಳೆಸಿದರು. ತರುಣ ಗಿರೀಶ ಕಾರ್ನಾಡರ 'ಯಯಾತಿ' ನಾಟಕ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ.

ನಿಜವಾಗಿ ಬದಲಾದದ್ದು ಬರೆಯುವವರ ದಾರಿ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿ ಆ್ಯಪಿನಲ್ಲಿ ಯಾರು ಬೇಕಾದರೂ ಧಾರಾವಾಹಿ ಬರೆಯಬಹುದು. ಕಂತು ಹಾಕಿದ ಕೂಡಲೇ ಓದುಗರ ಅಭಿಪ್ರಾಯ ಬರುತ್ತದೆ, ಮುಂದಿನ ಕಂತು ಅದರಂತೆ ತಿರುಗಲೂಬಹುದು. ಮನೆಗೆಲಸದ ನಡುವೆ ಬರೆಯುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಬಾಗಿಲು. ಆದರೆ ಗ್ರಂಥಮಾಲೆಯ ಕಚೇರಿಯಾದ ಅಟ್ಟದಲ್ಲಿ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥ ಸಲಹೆಗಾರರಿದ್ದರು. ಲೈಕುಗಳು ಆ ಕೆಲಸ ಮಾಡಲಾರವು. ತಿದ್ದುವ ಕಣ್ಣಿಲ್ಲದೆ ಕಥೆ ಉದ್ದವಾಗುತ್ತದೆಯೇ ಹೊರತು ಬೆಳೆಯುವುದಿಲ್ಲ ಎಂದೇ ನನ್ನ ನಂಬಿಕೆ.

ಇನ್ನು ದನಿಯ ಮಾತು. 2020ರಲ್ಲಿ ಬಂದ ಮೈಲ್ಯಾಂಗ್ ಆ್ಯಪ್ ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕಗಳನ್ನು ಜಗತ್ತಿನ ಯಾವ ಮೂಲೆಗಾದರೂ ಮುಟ್ಟಿಸುತ್ತಿದೆ. ಈಗ ಯಂತ್ರವೂ ಕನ್ನಡ ಓದುತ್ತದೆ, ಆದರೆ "ಹೌದಲ್ರೀ" ಎನ್ನುವಾಗಿನ ನಮ್ಮ ಧಾರವಾಡ ಕಡೆಯ ಎಳೆತ ಅದಕ್ಕೆ ಬಾರದು. ಪ್ರಕಾಶಕರೇ, ಈ ಕಡೆಯ ಕಥೆಗಳನ್ನು ಓದಿಸಲು ಈ ಕಡೆಯ ದನಿಗಳನ್ನೇ ಕರೆಯಿರಿ. ಹುಬ್ಬಳ್ಳಿ-ಧಾರವಾಡದಲ್ಲಿ ರಂಗಕಲಾವಿದರಿಗೆ ಬರವಿಲ್ಲ.